ಅಂಗೈಯಲ್ಲಿ ಆಲಿಸಿ, ಬೆರಳಲ್ಲಿ ಓದಿ: ಹೆಲೆನ್ ಕೆಲ್ಲರ್ ಕಾಲೇಜು ಪ್ರವೇಶ ಪರೀಕ್ಷೆ ಬರೆದ ಬಗೆ

ಭಾಷಾ ಬೋಧನೆಯ ಬಗ್ಗೆ ಯಾವ ಟಿಪ್ಪಣಿ ಬರೆಯಲು ಕುಳಿತರೂ ನಾವು ಮೊದಲು ಬರೆಯುವುದು ನಾಲ್ಕು ಕೌಶಲಗಳನ್ನು: ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು. ಆಲಿಸುವುದು ಕಿವಿಯ ಕೆಲಸ, ಓದುವುದು ಕಣ್ಣಿನ ಕೆಲಸ ಎಂದುಕೊಂಡೇ ಮುಂದಕ್ಕೆ ಹೋಗುತ್ತೇವೆ. ಕಣ್ಣೂ ಕಿವಿಯೂ ಇಲ್ಲದ ಒಬ್ಬ ಹುಡುಗಿ ಇಂಗ್ಲಿಷ್ ಭಾಷೆಯನ್ನು ಆಲಿಸಿ, ಓದಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಮಟ್ಟದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಹೇಗೆ ಎಂದು ಕೇಳಿಕೊಂಡರೆ ಈ ಎರಡು ಕೌಶಲಗಳ ಅರ್ಥವೇ ಬೇರೆಯಾಗಿ ಕಾಣುತ್ತದೆ. ಆ ಹುಡುಗಿ ಹೆಲೆನ್ ಕೆಲ್ಲರ್.

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಆದರೂ ಈ ಲೇಖನದ ವಿಷಯ ನನಗೂ ಸಂಬಂಧಪಟ್ಟದ್ದೇ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳು ಎಷ್ಟೋ ಸಲ ಸೋಲುವುದು ಲೆಕ್ಕದಲ್ಲಿ ಅಲ್ಲ, ಲೆಕ್ಕವನ್ನು ಹೇಳಿರುವ ಇಂಗ್ಲಿಷ್ ವಾಕ್ಯದಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಸಿಯುಇಟಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಗದ್ಯಭಾಗ ಓದಿ ಉತ್ತರಿಸಬೇಕು. ಹೊರದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್, ಟೋಫೆಲ್ ಪರೀಕ್ಷೆಗಳಲ್ಲಿ ಆಲಿಸುವಿಕೆಗೂ ಪ್ರತ್ಯೇಕ ಅಂಕಗಳಿವೆ. ಪಠ್ಯಕ್ರಮದಾದ್ಯಂತ ಭಾಷೆ ಎಂದು ನಾವು ಬಿ.ಇಡಿ.ಯಲ್ಲಿ ಓದುವುದು ಇದನ್ನೇ. ಹಾಗಾಗಿ ಹೆಲೆನ್ ಕೆಲ್ಲರ್ ಅವರ ಇಡೀ ಜೀವನಚರಿತ್ರೆಯನ್ನು ಹೇಳದೆ, ಪ್ರವೇಶ ಪರೀಕ್ಷೆಗೆ ಅವರನ್ನು ತಂದು ನಿಲ್ಲಿಸಿದ ಹನ್ನೆರಡು ವರ್ಷಗಳ ಕಲಿಕೆಯನ್ನು ಇಲ್ಲಿ ಹೆಚ್ಚು ವಿವರವಾಗಿ ಹೇಳಿದ್ದೇನೆ.

ಮೊದಲ ಏಳು ವರ್ಷ

ಹೆಲೆನ್ ಹುಟ್ಟಿದ್ದು 1880ರ ಜೂನ್ 27ರಂದು, ಅಮೆರಿಕದ ಅಲಬಾಮ ರಾಜ್ಯದ ಟಸ್ಕಂಬಿಯ ಎಂಬ ಸಣ್ಣ ಊರಿನಲ್ಲಿ. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಬಂದ ತೀವ್ರ ಜ್ವರ ಅವಳ ದೃಷ್ಟಿಯನ್ನೂ ಶ್ರವಣವನ್ನೂ ತೆಗೆದುಕೊಂಡು ಹೋಯಿತು. ಆ ಮುಂದಿನ ಐದು ವರ್ಷ ಅವಳು ಕೈಸನ್ನೆಗಳಲ್ಲೇ ಬದುಕಿದಳು. ಅಮ್ಮ ಬೇಕಾದರೆ ಕೆನ್ನೆ ಸವರಿಕೊಳ್ಳುವುದು, ಬ್ರೆಡ್ಡು ಬೇಕಾದರೆ ಕತ್ತರಿಸುವಂತೆ ತೋರಿಸುವುದು, ಹೀಗೆ. ತನ್ನ ಮಾತು ಇತರರಿಗೆ ತಲುಪದಿದ್ದಾಗ ಒದೆಯುತ್ತಿದ್ದಳು, ಕಿರುಚುತ್ತಿದ್ದಳು.

1887ರ ಮಾರ್ಚ್ 3ರಂದು ಅವಳ ಮನೆಗೆ ಆನ್ ಸಲಿವನ್ ಬಂದರು. ನಾವೆಲ್ಲರೂ ಗಮನಿಸಬೇಕಾದ ಸಂಗತಿ ಇದು: ಆಗ ಆನ್ ಅವರಿಗೆ ಇಪ್ಪತ್ತೇ ವರ್ಷ. ಶಿಕ್ಷಕರ ತರಬೇತಿ ಪಡೆದವರಲ್ಲ. ಐರ್ಲೆಂಡಿನಿಂದ ವಲಸೆ ಬಂದ ಬಡ ಕುಟುಂಬದ ಮಗಳು. ಕಣ್ಣಿನ ಸೋಂಕಿನಿಂದ ಬಾಲ್ಯದಲ್ಲೇ ದೃಷ್ಟಿ ಮಂದವಾಗಿತ್ತು. ತಾಯಿ ತೀರಿಕೊಂಡ ಮೇಲೆ ತಮ್ಮನೊಂದಿಗೆ ಟ್ಯೂಕ್ಸ್‌ಬರಿಯ ನಿರ್ಗತಿಕರ ಆಶ್ರಯಧಾಮಕ್ಕೆ ಸೇರಬೇಕಾಯಿತು; ತಮ್ಮ ಅಲ್ಲೇ ತೀರಿಕೊಂಡ. ಹದಿನಾಲ್ಕನೆಯ ವಯಸ್ಸಿನಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಗೆ ಬಂದಾಗ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆರೇ ವರ್ಷಗಳಲ್ಲಿ ತಮ್ಮ ತಂಡದ ಮೊದಲ ಸ್ಥಾನದಲ್ಲಿ ಓದು ಮುಗಿಸಿದರು. ಶಸ್ತ್ರಚಿಕಿತ್ಸೆಗಳಿಂದ ಸ್ವಲ್ಪಮಟ್ಟಿಗೆ ದೃಷ್ಟಿಯೂ ಮರಳಿತ್ತು. ಹೆಲೆನ್ ಮನೆಗೆ ಹೊರಡುವ ಮುನ್ನ, ಅದೇ ಶಾಲೆಯಲ್ಲಿ ಹಿಂದೆ ಕಲಿತಿದ್ದ ಕುರುಡು ಕಿವುಡು ಹೆಣ್ಣುಮಗಳು ಲಾರಾ ಬ್ರಿಜ್‌ಮನ್‌ಗೆ ಡಾ. ಹೋವ್ ಹೇಗೆ ಕಲಿಸಿದರು ಎಂಬ ವರದಿಗಳನ್ನು ಕುಳಿತು ಓದಿದರು. ಅದೇ ಅವರ ಪೂರ್ವಸಿದ್ಧತೆ.

ಅಂಗೈಯಲ್ಲಿ ಆಲಿಸುವುದು

ಆನ್ ಬಳಸಿದ್ದು ಬೆರಳಕ್ಷರಗಳನ್ನು. ಇಂಗ್ಲಿಷಿನ ಪ್ರತಿ ಅಕ್ಷರಕ್ಕೂ ಬೆರಳುಗಳ ಒಂದೊಂದು ಭಂಗಿ. ಅದನ್ನು ಮಗುವಿನ ಅಂಗೈಯೊಳಗೆ ಮಾಡಿದರೆ ಮುಟ್ಟಿ ತಿಳಿಯಬಹುದು. ಗೊಂಬೆ ಕೊಟ್ಟು ಗೊಂಬೆ ಎಂಬ ಪದವನ್ನು ಅಂಗೈಯಲ್ಲಿ ಕಾಗುಣಿಸಿದರು. ಹೆಲೆನ್ ಅದನ್ನು ಆಟದಂತೆ ಅನುಕರಿಸಿದಳೇ ಹೊರತು, ಅದು ಗೊಂಬೆಯ ಹೆಸರು ಎಂದು ಅವಳಿಗೆ ಹೊಳೆಯಲಿಲ್ಲ. ಸುಮಾರು ಒಂದು ತಿಂಗಳ ನಂತರ ಏಪ್ರಿಲ್ 5ರಂದು ನೀರಿನ ಪಂಪಿನ ಬಳಿ ಒಂದು ಕೈಯ ಮೇಲೆ ತಣ್ಣೀರು ಸುರಿಯುತ್ತಿರುವಾಗ ಇನ್ನೊಂದು ಕೈಯಲ್ಲಿ ನೀರು ಎಂಬ ಪದ ಮೂಡಿತು. ಪ್ರತಿ ವಸ್ತುವಿಗೂ ಒಂದು ಹೆಸರಿದೆ ಎಂಬುದು ಅವಳಿಗೆ ಅಂದು ತಿಳಿಯಿತು. ಈ ಕಥೆ ನಮ್ಮೆಲ್ಲರಿಗೂ ಗೊತ್ತಿರುವುದೇ. ಸಾಮಾನ್ಯವಾಗಿ ಕಥೆಯನ್ನು ನಾವು ಇಲ್ಲಿಗೇ ನಿಲ್ಲಿಸುತ್ತೇವೆ. ಶಿಕ್ಷಕರಿಗೆ ಬೇಕಾದ ವಿಷಯ ಶುರುವಾಗುವುದು ಇದರ ನಂತರ.

ಪದಗಳು ಬಂದವು, ಭಾಷೆ ಬರಬೇಕಲ್ಲ? ಆ ದಿನಗಳಲ್ಲಿ ಆನ್ ಹೆಲೆನ್‌ಳ ಸಂಬಂಧಿಕರ ಒಂದು ಪುಟ್ಟ ಮಗುವನ್ನು ಗಮನಿಸಿದರು. ಅದಕ್ಕೆ ಸುಮಾರು ಹದಿನೈದು ತಿಂಗಳು. ಇನ್ನೂ ಮಾತು ಬಾರದಿದ್ದರೂ ದೊಡ್ಡವರು ಹೇಳಿದ್ದೆಲ್ಲ ಅದಕ್ಕೆ ಅರ್ಥವಾಗುತ್ತಿತ್ತು. ಮೂಗು ಎಲ್ಲಿ ಎಂದರೆ ತೋರಿಸುತ್ತಿತ್ತು, ಬಾಗಿಲು ಮುಚ್ಚು ಎಂದರೆ ಮುಚ್ಚುತ್ತಿತ್ತು. ಆ ಮಗುವಿಗೆ ಯಾರೂ ಪಾಠ ಮಾಡಿರಲಿಲ್ಲ. ಅದರ ಸುತ್ತ ಎಲ್ಲರೂ ಮಾತಾಡುತ್ತಿದ್ದರು, ಅಷ್ಟೇ. ಮಗು ಹೇಳುವುದಕ್ಕೆ ಮೊದಲು ಬಹಳ ಕಾಲ ಕೇಳಿಸಿಕೊಳ್ಳುತ್ತದೆ ಎಂಬುದನ್ನು ಆನ್ ಇದರಿಂದ ಗ್ರಹಿಸಿದರು. ನಿಗದಿತ ಸಮಯದ ಪಾಠಗಳನ್ನು ಬದಿಗಿಟ್ಟರು. ಮನೆಯವರು ಮಗುವಿನ ಕಿವಿಗೆ ಮಾತಾಡುವಂತೆ ತಾವು ಹೆಲೆನ್‌ಳ ಅಂಗೈಗೆ ದಿನವಿಡೀ ಪೂರ್ಣ ವಾಕ್ಯಗಳಲ್ಲಿ ಮಾತಾಡಲು ನಿರ್ಧರಿಸಿದರು. ಅರ್ಥವಾಗದ ಪದ ಬಂದರೂ ನಿಲ್ಲಿಸಿ ವಿವರಿಸುತ್ತಿರಲಿಲ್ಲ. ಸಂದರ್ಭ ಮತ್ತು ಸನ್ನೆ ಅರ್ಥವನ್ನು ತುಂಬಿಕೊಡುತ್ತವೆ ಎಂಬುದು ಅವರ ನಂಬಿಕೆ. ಎರಡನೆಯ ಭಾಷೆಯ ಕಲಿಕೆಯ ಬಗ್ಗೆ ನಾವು ಇಂದು ಪುಸ್ತಕಗಳಲ್ಲಿ ಓದುವ ಮಾತನ್ನು ಈ ಇಪ್ಪತ್ತರ ಹೆಣ್ಣುಮಗಳು ಒಂದು ಕೂಸನ್ನು ನೋಡಿ ಕಂಡುಕೊಂಡರು.

ಕಣ್ಣಿಗೆ ಕಾಣದ ಪದಗಳು ಬಂದಾಗ ಏನು ಮಾಡುವುದು? ಹೆಲೆನ್ ಒಮ್ಮೆ ಬೇರೆ ಬೇರೆ ಅಳತೆಯ ಮಣಿಗಳನ್ನು ಕ್ರಮವಾಗಿ ಪೋಣಿಸುತ್ತಿದ್ದಳು. ಮತ್ತೆ ಮತ್ತೆ ತಪ್ಪುತ್ತಿತ್ತು. ಅವಳು ಕೈ ನಿಲ್ಲಿಸಿ, ಮುಂದೆ ಯಾವುದು ಎಂದು ಗಮನವಿಟ್ಟು ಲೆಕ್ಕ ಹಾಕುತ್ತಿದ್ದ ಕ್ಷಣಕ್ಕೆ ಸರಿಯಾಗಿ ಆನ್ ಅವಳ ಹಣೆಯನ್ನು ಮುಟ್ಟಿ ಯೋಚಿಸು ಎಂಬ ಪದವನ್ನು ಕಾಗುಣಿಸಿದರು. ತನ್ನ ತಲೆಯೊಳಗೆ ಆ ಹೊತ್ತು ನಡೆಯುತ್ತಿದ್ದುದಕ್ಕೆ ಒಂದು ಹೆಸರಿದೆ ಎಂದು ಹೆಲೆನ್‌ಗೆ ತಿಳಿಯಿತು. ಅಮೂರ್ತ ಪದವನ್ನು ವ್ಯಾಖ್ಯಾನದಿಂದ ಕಲಿಸಲಿಲ್ಲ. ಅದು ನಡೆಯುತ್ತಿರುವ ಗಳಿಗೆಯಲ್ಲಿ ಹೆಸರಿಟ್ಟು ಕಲಿಸಿದರು.

ಬೆರಳಲ್ಲಿ ಓದುವುದು

ಓದು ಶುರುವಾದದ್ದು ರಟ್ಟಿನ ಚೀಟಿಗಳಿಂದ. ಚೀಟಿಗಳ ಮೇಲೆ ಪದಗಳು ಉಬ್ಬಕ್ಷರದಲ್ಲಿರುತ್ತಿದ್ದವು. ಗೊಂಬೆಯನ್ನು ಹಾಸಿಗೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಆ ವಾಕ್ಯದ ಚೀಟಿಗಳನ್ನು ಕ್ರಮವಾಗಿ ಜೋಡಿಸಬೇಕು. ಒಂದು ದಿನ ಹೆಲೆನ್ ಹುಡುಗಿ ಎಂಬ ಚೀಟಿಯನ್ನು ತನ್ನ ಲಂಗದ ಮೇಲಂಗಿಗೆ ಸಿಕ್ಕಿಸಿಕೊಂಡು ಬಟ್ಟೆಯ ಬೀರುವಿನೊಳಗೆ ಹೋಗಿ ನಿಂತಳು. ವಾಕ್ಯದ ಉಳಿದ ಚೀಟಿಗಳನ್ನು ಬೀರುವಿನ ಹಲಗೆಯ ಮೇಲೆ ಜೋಡಿಸಿದ್ದಳು. ವಾಕ್ಯದಲ್ಲಿ ಕರ್ತೃಪದ ಎಲ್ಲಿ ಬರಬೇಕು ಎಂದು ಯಾರೂ ಹೇಳಬೇಕಾಗಲಿಲ್ಲ. ಅವಳೇ ಆ ಪದವಾಗಿ ನಿಂತಿದ್ದಳು. ಆಟವಾಡುತ್ತ ವಾಕ್ಯರಚನೆ ಕಲಿಸುವುದಕ್ಕೆ ಇದಕ್ಕಿಂತ ಸರಳವಾದ ಬೋಧನೋಪಕರಣ ಬೇಕೆ? ರಟ್ಟು, ಕತ್ತರಿ, ಒಂದು ಗುಂಡುಸೂಜಿ.

ಆ ವರ್ಷವೇ ಅವಳು ಕಥೆಗಳನ್ನು ಓದತೊಡಗಿದಳು. ಮುಂದಿನ ವರ್ಷ ಬಾಸ್ಟನ್ನಿಗೆ ಹೋದಾಗ ಪರ್ಕಿನ್ಸ್ ಶಾಲೆಯ ಗ್ರಂಥಾಲಯ ಸಿಕ್ಕಿತು. ಕಪಾಟಿನಿಂದ ಕಪಾಟಿಗೆ ಹೋಗಿ ಕೈಗೆ ಸಿಕ್ಕಿದ ಪುಸ್ತಕ ತೆಗೆದು ಓದುತ್ತಿದ್ದಳು. ಒಂದು ಪುಟದಲ್ಲಿ ಹತ್ತು ಪದಗಳಿಗೆ ಒಂದು, ಎರಡು ಅರ್ಥವಾದರೂ ಸರಿ, ಓದು ನಿಲ್ಲುತ್ತಿರಲಿಲ್ಲ. ಅರ್ಥವಾಗದ ಪದಗಳೂ ನೆನಪಿನಲ್ಲಿ ಉಳಿದು, ಮುಂದೊಂದು ದಿನ ಸಂದರ್ಭ ಸಿಕ್ಕಾಗ ಅರ್ಥ ಬಿಟ್ಟುಕೊಡುತ್ತಿದ್ದವು. ರೂಢಿಯಾದ ಮೇಲೆ ಅವಳು ಒಂದೊಂದೇ ಅಕ್ಷರವನ್ನು ಮುಟ್ಟಿ ಕೂಡಿಸುತ್ತಿರಲಿಲ್ಲ. ನಾವು ಓದುವಾಗ ಪ್ರತಿ ಅಕ್ಷರವನ್ನು ಬೇರೆಬೇರೆಯಾಗಿ ನೋಡುವುದಿಲ್ಲವಲ್ಲ, ಅವಳಿಗೂ ಹಾಗೆಯೇ ಪದ ಇಡಿಯಾಗಿ ಬರುತ್ತಿತ್ತು.

ಕೇಳಿದ್ದು ಒಳಗೆ ಉಳಿಯುತ್ತದೆ ಎಂಬುದಕ್ಕೆ ನೋವಿನ ಸಾಕ್ಷಿಯೂ ಒಂದಿದೆ. ಹನ್ನೊಂದನೆಯ ವಯಸ್ಸಿನಲ್ಲಿ ಹೆಲೆನ್ ಹಿಮರಾಜನ ಬಗ್ಗೆ ಒಂದು ಕಥೆ ಬರೆದು ಪರ್ಕಿನ್ಸ್ ಶಾಲೆಯ ಮುಖ್ಯಸ್ಥರಾದ ಮೈಕೆಲ್ ಅನಾಗ್ನೋಸ್ ಅವರ ಹುಟ್ಟುಹಬ್ಬಕ್ಕೆ ಕಳುಹಿಸಿದಳು. ಸಂತೋಷದಿಂದ ಅವರು ಅದನ್ನು ಅಚ್ಚು ಹಾಕಿಸಿದರು. ಆಮೇಲೆ ಅದು ಮಾರ್ಗರೆಟ್ ಕ್ಯಾನ್ಬಿ ಎಂಬ ಲೇಖಕಿಯ ಕಥೆಯನ್ನೇ ಹೋಲುತ್ತದೆ ಎಂದು ಬೆಳಕಿಗೆ ಬಂತು. 1888ರ ಬೇಸಿಗೆಯಲ್ಲಿ ಪರಿಚಿತರ ಮನೆಯಲ್ಲಿದ್ದಾಗ ಆ ಕಥೆಯನ್ನು ಅವಳ ಅಂಗೈಗೆ ಓದಿ ಹೇಳಲಾಗಿತ್ತು. ಓದಿಸಿಕೊಂಡ ನೆನಪು ಅಳಿದು ಕಥೆ ಮಾತ್ರ ಉಳಿದಿತ್ತು. ಶಾಲೆಯ ಅಧ್ಯಾಪಕರ ಸಮಿತಿಯೊಂದು ಆನ್ ಅವರನ್ನು ಹೊರಗೆ ಕಳುಹಿಸಿ ಆ ಮಗುವನ್ನು ಒಂಟಿಯಾಗಿ ನಿಲ್ಲಿಸಿ ವಿಚಾರಣೆ ಮಾಡಿತು. ಅದಾದ ಮೇಲೆ ಬಹಳ ಕಾಲ ಅವಳು ತಾನು ಬರೆದ ಪ್ರತಿ ವಾಕ್ಯವನ್ನೂ ಇದು ನನ್ನದೇ ಹೌದೋ ಎಂದು ಅನುಮಾನಿಸುತ್ತಿದ್ದಳು. ಮಕ್ಕಳು ಭಾಷೆ ಕಲಿಯುವುದೇ ಇತರರ ವಾಕ್ಯಗಳನ್ನು ಒಳಗೆ ತುಂಬಿಕೊಂಡು. ಅದನ್ನು ಕಳ್ಳತನ ಎಂದು ವಿಚಾರಣೆಗೆ ಗುರಿಮಾಡಿದರೆ ಮಗುವಿಗೆ ಆಗುವ ನಷ್ಟ ಎಷ್ಟು ದೊಡ್ಡದು ಎಂಬುದನ್ನು, ಪ್ರಬಂಧದ ನೋಟ್‌ಪುಸ್ತಕಗಳನ್ನು ತಿದ್ದಲು ಕುಳಿತಾಗ ನಾವು ನೆನೆಯಬೇಕು.

ಪ್ರವೇಶ ಪರೀಕ್ಷೆಯ ತಯಾರಿ

ಕಾಲೇಜಿಗೆ ಹೋಗಬೇಕು, ಅದೂ ಹಾರ್ವರ್ಡ್‌ಗೆ ಎಂಬುದು ಹೆಲೆನ್‌ಳ ಬಾಲ್ಯದ ಆಸೆ. ಹಾರ್ವರ್ಡ್ ಆಗ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದರ ಜೊತೆಗಿದ್ದ ರ್‍ಯಾಡ್‌ಕ್ಲಿಫ್ ಮಹಿಳಾ ಕಾಲೇಜು ಹಾರ್ವರ್ಡ್‌ನ ಪ್ರಶ್ನೆಪತ್ರಿಕೆಗಳಿಂದಲೇ ಪ್ರವೇಶ ಪರೀಕ್ಷೆ ನಡೆಸುತ್ತಿತ್ತು. ಅದಕ್ಕೆ ಸಿದ್ಧಳಾಗಲು 1896ರ ಅಕ್ಟೋಬರಿನಲ್ಲಿ ಆರ್ಥರ್ ಗಿಲ್‌ಮನ್ ಎಂಬವರು ನಡೆಸುತ್ತಿದ್ದ ಕೇಂಬ್ರಿಜ್ ಬಾಲಕಿಯರ ಶಾಲೆಗೆ ಸೇರಿದಳು. ಕಣ್ಣು ಕಿವಿ ಸರಿಯಿರುವ ಹುಡುಗಿಯರ ನಡುವೆ ಅವಳು ಕಲಿತದ್ದು ಅದೇ ಮೊದಲು.

ಅಲ್ಲಿಯ ಅಧ್ಯಾಪಕರಿಗೆ ಅಂಥವರಿಗೆ ಕಲಿಸಿ ಅಭ್ಯಾಸವಿರಲಿಲ್ಲ, ಬೆರಳಕ್ಷರವೂ ಬರುತ್ತಿರಲಿಲ್ಲ. ಆನ್ ಪಕ್ಕದಲ್ಲಿ ಕುಳಿತು ಪ್ರತಿ ಪಾಠವನ್ನೂ ಅಂಗೈಗೆ ಕಾಗುಣಿಸುತ್ತಿದ್ದರು. ಹೆಲೆನ್ ತರಗತಿಯಲ್ಲಿ ಟಿಪ್ಪಣಿ ಬರೆದುಕೊಳ್ಳುವಂತಿರಲಿಲ್ಲ, ಏಕೆಂದರೆ ಬರೆಯಬೇಕಾದ ಕೈ ಆಲಿಸುತ್ತಿತ್ತು. ಕೇಳಿದ್ದನ್ನೆಲ್ಲ ನೆನಪಿನಲ್ಲಿಟ್ಟುಕೊಂಡು ಮನೆಗೆ ಹೋದ ಮೇಲೆ ಟೈಪ್‌ರೈಟರಿನಲ್ಲಿ ಬರೆಯುತ್ತಿದ್ದಳು. ಬೇಕಾದ ಪುಸ್ತಕಗಳೆಲ್ಲ ಉಬ್ಬಕ್ಷರದಲ್ಲಿ ಇರಲಿಲ್ಲ. ಲಂಡನ್ನಿನಲ್ಲೂ ಫಿಲಡೆಲ್ಫಿಯದಲ್ಲೂ ಸ್ನೇಹಿತರು ಪುಸ್ತಕಗಳನ್ನು ಸಿದ್ಧಪಡಿಸಿ ಕಳುಹಿಸುತ್ತಿದ್ದರು. ಅವು ತಡವಾದಾಗ ಆನ್ ಓದಿ ಹೇಳಬೇಕು. ಅರ್ಥಕೋಶದಲ್ಲಿ ಪದ ಹುಡುಕಿ ಕೊಡುವವರೂ ಅವರೇ. ಆನ್ ಅವರ ಕಣ್ಣುಗಳೇ ಅಷ್ಟಕ್ಕಷ್ಟೆ ಎಂಬುದನ್ನು ಮರೆಯಬಾರದು.

ಗಿಲ್‌ಮನ್ ಅವರಂತೆ ಜರ್ಮನ್ ಭಾಷೆಯ ಅಧ್ಯಾಪಕಿ ಗ್ರೋಟೆಯೂ ಬೆರಳಕ್ಷರವನ್ನು ತಾವೇ ಕಲಿತರು. ಅವರ ಕೈ ನಿಧಾನ, ಕಾಗುಣಿತ ಕಷ್ಟ. ಆದರೂ ವಾರಕ್ಕೆ ಎರಡು ಸಲ ಆನ್ ಅವರಿಗೆ ಬಿಡುವು ಕೊಟ್ಟು ತಾವೇ ನೇರವಾಗಿ ಹೆಲೆನ್‌ಗೆ ಪಾಠ ಹೇಳುತ್ತಿದ್ದರು. ಗಿಲ್‌ಮನ್ ಇಂಗ್ಲಿಷ್ ಸಾಹಿತ್ಯ ಹೇಳುತ್ತಿದ್ದರು. ಅವರೊಂದಿಗೆ ಹೆಲೆನ್ ಷೇಕ್ಸ್‌ಪಿಯರನ ಒಂದು ವಿನೋದ ನಾಟಕ, ಅಮೆರಿಕದ ವಸಾಹತುಗಳೊಡನೆ ರಾಜಿಯಾಗಬೇಕೆಂದು ಎಡ್ಮಂಡ್ ಬರ್ಕ್ ಮಾಡಿದ ಭಾಷಣ, ಸ್ಯಾಮ್ಯುಯೆಲ್ ಜಾನ್ಸನ್ ಬಗ್ಗೆ ಮೆಕಾಲೆ ಬರೆದ ಜೀವನಚರಿತ್ರೆ ಇವನ್ನು ಓದಿದಳು. ಭಾಷೆಯನ್ನು ಮಾತ್ರ ಅಲ್ಲ, ಆ ಭಾಷಣದ ಹಿಂದಿನ ಇತಿಹಾಸವನ್ನೂ ಗಿಲ್‌ಮನ್ ವಿವರಿಸುತ್ತಿದ್ದುದರಿಂದ ಓದು ಅರ್ಥಪೂರ್ಣವಾಯಿತು.

1897: ಕ್ರಮಸಂಖ್ಯೆ 233

ಪ್ರವೇಶಕ್ಕೆ ಒಟ್ಟು ಹದಿನಾರು ಗಂಟೆಗಳಷ್ಟು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕಿತ್ತು. ಅದನ್ನು ಎರಡು ಕಂತಿನಲ್ಲಿ ಬರೆಯಬಹುದಿತ್ತು. ಮೊದಲ ಕಂತು 1897ರ ಜೂನ್ 29ರಿಂದ ಜುಲೈ 3ರವರೆಗೆ. ಜರ್ಮನ್, ಫ್ರೆಂಚ್, ಲ್ಯಾಟಿನ್, ಇಂಗ್ಲಿಷ್, ಗ್ರೀಕ್ ಮತ್ತು ರೋಮನ್ ಇತಿಹಾಸ ವಿಷಯಗಳು. ಪರೀಕ್ಷಾರ್ಥಿಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಹೆಲೆನ್‌ಳ ಸಂಖ್ಯೆ 233. ಆದರೆ ಟೈಪ್ ಮಾಡಿದ ಉತ್ತರಪತ್ರಿಕೆ ಅವಳದೊಂದೇ ಆದ್ದರಿಂದ ಯಾರದೆಂದು ಗುಟ್ಟಾಗಿ ಉಳಿಯುವಂತಿರಲಿಲ್ಲ. ಯಂತ್ರದ ಸದ್ದು ಉಳಿದವರಿಗೆ ತೊಂದರೆಯಾಗಬಾರದೆಂದು ಅವಳಿಗೆ ಬೇರೆ ಕೊಠಡಿ. ಯಾರೂ ಒಳಗೆ ಬರದಂತೆ ಬಾಗಿಲಲ್ಲಿ ಒಬ್ಬ ಕಾವಲು.

ಗಿಲ್‌ಮನ್ ಪ್ರಶ್ನೆಪತ್ರಿಕೆಯನ್ನು ಅವಳಿಗೆ ಓದಿ ಹೇಳಿದ ಕ್ರಮವನ್ನು ನೋಡಿ. ಮೊದಲು ಇಡೀ ಪತ್ರಿಕೆಯನ್ನು ಒಂದು ಸಲ ಅಂಗೈಗೆ ಕಾಗುಣಿಸಿದರು. ಆಮೇಲೆ ಒಂದೊಂದೇ ವಾಕ್ಯ. ಪ್ರತಿ ವಾಕ್ಯವನ್ನೂ ಹೆಲೆನ್ ಬಾಯಿಬಿಟ್ಟು ತಿರುಗಿ ಹೇಳುತ್ತಿದ್ದಳು. (1890ರಲ್ಲಿ ಸಾರಾ ಫುಲ್ಲರ್ ಎಂಬ ಶಿಕ್ಷಕಿಯ ಬಳಿ ಹನ್ನೊಂದು ಪಾಠಗಳಲ್ಲಿ ಮಾತನಾಡಲು ಕಲಿಯಲಾರಂಭಿಸಿದ್ದಳು.) ಪ್ರಶ್ನೆ ಸರಿಯಾಗಿ ಮುಟ್ಟಿದೆ ಎಂದು ಹೀಗೆ ಖಾತ್ರಿಯಾದ ಮೇಲೆ ಉತ್ತರ. ಬರೆದು ಮುಗಿಸಿದ ನಂತರ ಅವಳು ಬರೆದದ್ದನ್ನೇ ಗಿಲ್‌ಮನ್ ತಿರುಗಿ ಅವಳ ಅಂಗೈಗೆ ಓದಿದರು. ಅವಳು ಹೇಳಿದ ತಿದ್ದುಪಡಿಗಳನ್ನು ಸೇರಿಸಿದರು. ಫಲಿತಾಂಶ ಬಂದಾಗ ಎಲ್ಲ ವಿಷಯಗಳಲ್ಲೂ ತೇರ್ಗಡೆ. ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ವಿಶೇಷ ಶ್ರೇಣಿ.

1899: ಗೊತ್ತಿರುವ ವಿಷಯ, ಗೊತ್ತಿಲ್ಲದ ಲಿಪಿ

ಎರಡನೆಯ ವರ್ಷ ಗಣಿತ ಹೆಚ್ಚಾಯಿತು. ತರಗತಿ ದೊಡ್ಡದು, ಬೇಕಾದ ಉಪಕರಣಗಳು ಬಂದಿರಲಿಲ್ಲ. ಕಪ್ಪುಹಲಗೆಯ ಮೇಲಿನ ರೇಖಾಚಿತ್ರವನ್ನು ಅವಳು ನೋಡಲಾರಳು. ಒಂದು ಮೆತ್ತೆಯ ಮೇಲೆ ನೇರ ಮತ್ತು ಬಾಗಿದ ತಂತಿಗಳನ್ನು ಚುಚ್ಚಿ ಆಕೃತಿ ಮಾಡಿಕೊಳ್ಳಬೇಕು. ಬಿಂದುಗಳ ಹೆಸರು, ದತ್ತ, ರಚನೆ, ಸಾಧನೆಯ ಹಂತಗಳು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳಬೇಕು. ಅವಳು ಮಿತಿಮೀರಿ ದಣಿಯುತ್ತಿದ್ದಾಳೆ ಎಂದು ಗಿಲ್‌ಮನ್‌ಗೆ ಅನ್ನಿಸಿತು, ಆನ್ ಹಾಗಿಲ್ಲ ಎಂದರು. ಭಿನ್ನಾಭಿಪ್ರಾಯ ಬೆಳೆದು, ಆನ್ ಅವರನ್ನು ಹೆಲೆನ್‌ಳಿಂದ ದೂರ ಮಾಡುವ ಪ್ರಯತ್ನದವರೆಗೂ ಹೋಯಿತು. ತಾಯಿ ಬಂದು ಮಗಳನ್ನು ಶಾಲೆಯಿಂದ ಬಿಡಿಸಿದರು. ಆಮೇಲೆ ಮರ್ಟನ್ ಕೀತ್ ಎಂಬ ಅಧ್ಯಾಪಕರು ಮನೆಪಾಠ ಹೇಳಿದರು. ಪ್ರತಿ ಸಲ ಹಿಂದಿನ ಪಾಠದಲ್ಲಿ ಅರ್ಥವಾಗದ್ದನ್ನು ಬಿಡಿಸಿ ಹೇಳಿ, ಹೊಸ ಕೆಲಸ ಕೊಟ್ಟು, ಬರೆದದ್ದನ್ನು ಮನೆಗೆ ಒಯ್ದು ತಿದ್ದಿ ತರುತ್ತಿದ್ದರು. ಬೀಜಗಣಿತ, ರೇಖಾಗಣಿತ ಅವಳಿಗೆ ಹಿಡಿತಕ್ಕೆ ಬಂದದ್ದು ಆಗಲೇ.

ಕೊನೆಯ ಪರೀಕ್ಷೆಗಳು 1899ರ ಜೂನ್ 29 ಮತ್ತು 30ರಂದು. ಈ ಸಲ ಕಾಲೇಜು ಆನ್ ಅವರಿಗೆ ಪ್ರಶ್ನೆ ಓದಿ ಹೇಳಲು ಅನುಮತಿ ಕೊಡಲಿಲ್ಲ. ಪರ್ಕಿನ್ಸ್ ಶಾಲೆಯ ಯೂಜೀನ್ ವೈನಿಂಗ್ ಎಂಬ ಅಧ್ಯಾಪಕರು ಪ್ರಶ್ನೆಪತ್ರಿಕೆಯನ್ನು ಬ್ರೈಲ್‌ಗೆ ಬರೆದು ಕೊಡುವ ಏರ್ಪಾಡಾಯಿತು. ಅವರು ಹೆಲೆನ್‌ಗೆ ಅಪರಿಚಿತರು. ಬ್ರೈಲ್ ಬರೆದು ತೋರಿಸುವುದರ ಹೊರತು ಅವಳೊಂದಿಗೆ ಮಾತಾಡಲು ಅವರಿಗೆ ಬೇರೆ ದಾರಿ ಇರಲಿಲ್ಲ.

ಭಾಷೆಗಳ ಪತ್ರಿಕೆಗಳು ತೊಂದರೆ ಕೊಡಲಿಲ್ಲ. ತೊಡಕು ಬಂದದ್ದು ಗಣಿತದಲ್ಲಿ. ಆಗ ಇಂಗ್ಲಿಷ್ ಮಾತಾಡುವ ನಾಡುಗಳಲ್ಲಿ ಕುರುಡರ ಚುಕ್ಕಿಲಿಪಿ ಒಂದಾಗಿರಲಿಲ್ಲ. ಇಂಗ್ಲಿಷ್ ಬ್ರೈಲ್, ಅಮೆರಿಕನ್ ಬ್ರೈಲ್, ನ್ಯೂಯಾರ್ಕ್ ಪಾಯಿಂಟ್ ಎಂದು ಮೂರು ಬಗೆ ಚಾಲ್ತಿಯಲ್ಲಿದ್ದವು. ಸಾಹಿತ್ಯದ ಬರಹ ಅವಳಿಗೆ ಮೂರರಲ್ಲೂ ಪರಿಚಿತ. ಬೀಜಗಣಿತದ ಚಿಹ್ನೆಗಳನ್ನು ಮಾತ್ರ ಅವಳು ಬಳಸಿದ್ದು ಇಂಗ್ಲಿಷ್ ಬ್ರೈಲ್‌ನಲ್ಲಿ. ಪರೀಕ್ಷೆಗೆ ಎರಡೇ ದಿನ ಇರುವಾಗ ವೈನಿಂಗ್ ಹಳೆಯ ಪ್ರಶ್ನೆಪತ್ರಿಕೆಯೊಂದರ ಬ್ರೈಲ್ ಪ್ರತಿ ಕಳುಹಿಸಿದರು. ಅದು ಅಮೆರಿಕನ್ ಬ್ರೈಲ್‌ನಲ್ಲಿತ್ತು. ಚಿಹ್ನೆಗಳನ್ನು ವಿವರಿಸಿ ಎಂದು ಹೆಲೆನ್ ಕೂಡಲೇ ಪತ್ರ ಬರೆದಳು. ಮರುಟಪಾಲಿಗೆ ಚಿಹ್ನೆಗಳ ಪಟ್ಟಿ ಬಂತು. ಪರೀಕ್ಷೆಯ ಹಿಂದಿನ ರಾತ್ರಿಯೂ ಅವಳಿಗೆ ಆವರಣ ಚಿಹ್ನೆಗಳೂ ವರ್ಗಮೂಲದ ಚಿಹ್ನೆಯೂ ಕೂಡಿಬಂದಾಗ ಬೇರ್ಪಡಿಸಿ ತಿಳಿಯುವುದು ಕಷ್ಟವಾಗುತ್ತಿತ್ತು. ಬೆಳಗ್ಗೆ ಸ್ವಲ್ಪ ಮುಂಚೆಯೇ ಹೋಗಿ ವೈನಿಂಗ್ ಅವರಿಂದ ಇನ್ನಷ್ಟು ಬಿಡಿಸಿಕೊಂಡಳು.

ರೇಖಾಗಣಿತದಲ್ಲಿ ಪ್ರಮೇಯಗಳನ್ನು ಅವಳು ಉಬ್ಬಕ್ಷರದಲ್ಲಿ ಓದಿಯೋ ಅಂಗೈಯಲ್ಲಿ ಆಲಿಸಿಯೋ ಕಲಿತವಳು. ಅದೇ ವಾಕ್ಯ ಬ್ರೈಲ್‌ನಲ್ಲಿ ಬಂದಾಗ ಮನಸ್ಸಿನಲ್ಲಿ ಸರಿಯಾಗಿ ಮೂಡಲಿಲ್ಲ. ಬೀಜಗಣಿತದಲ್ಲಿ ಒಂದೊಂದು ಲೆಕ್ಕವನ್ನೂ ಮತ್ತೆ ಮತ್ತೆ ಮುಟ್ಟಿ ಓದಬೇಕಾಯಿತು. ತಾನು ಟೈಪ್ ಮಾಡಿದ್ದು ತನಗೆ ಕಾಣದು. ತಿರುಗಿ ಓದಿ ಹೇಳಲು ಗಿಲ್‌ಮನ್ ಇಲ್ಲ. ಕೀತ್ ಅವಳಿಗೆ ಲೆಕ್ಕಗಳನ್ನು ಮನಸ್ಸಿನಲ್ಲೇ ಬಿಡಿಸುವ ಅಭ್ಯಾಸ ಮಾಡಿಸಿದ್ದರೇ ಹೊರತು ಪರೀಕ್ಷೆಯ ಪತ್ರಿಕೆ ಬರೆಯುವ ಅಭ್ಯಾಸ ಮಾಡಿಸಿರಲಿಲ್ಲ. ಇಷ್ಟರ ನಡುವೆಯೂ ಅವಳು ತೇರ್ಗಡೆಯಾದಳು. ವಿಷಯ ಗೊತ್ತಿದ್ದೂ ಪ್ರಶ್ನೆಯನ್ನು ಓದಲಾಗದೆ ಒಬ್ಬ ವಿದ್ಯಾರ್ಥಿನಿ ಸೋಲುವ ಸ್ಥಿತಿ ಎಷ್ಟು ಹತ್ತಿರ ಬಂದಿತ್ತು ಎಂಬುದನ್ನು ಮಾತ್ರ ನಾವು ಮರೆಯಬಾರದು.

ಮುಂದಿನ ಬದುಕು

ಇನ್ನೊಂದು ವರ್ಷ ಕೀತ್ ಅವರ ಬಳಿ ಓದಿ 1900ರಲ್ಲಿ ಹೆಲೆನ್ ರ್‍ಯಾಡ್‌ಕ್ಲಿಫ್ ಸೇರಿದರು. ಓದಿನ ಖರ್ಚಿಗೆ ಲೇಖಕ ಮಾರ್ಕ್ ಟ್ವೇನ್ ಅವರ ಪ್ರಯತ್ನದಿಂದ ಉದ್ಯಮಿ ಹೆನ್ರಿ ರಾಜರ್ಸ್ ನೆರವಾದರು. ಇಂಗ್ಲಿಷ್ ಪ್ರಬಂಧದ ತರಗತಿಗೆ ಬರೆದ ಬರಹಗಳೇ ಬೆಳೆದು ಅವರ ಆತ್ಮಕಥೆಯಾಯಿತು; 1903ರಲ್ಲಿ ಪುಸ್ತಕವಾಗಿ ಬಂತು. 1904ರಲ್ಲಿ ಗೌರವ ಶ್ರೇಣಿಯೊಂದಿಗೆ ಪದವಿ ಪಡೆದು, ಬಿ.ಎ. ಪದವಿ ಗಳಿಸಿದ ಮೊದಲ ಕುರುಡು ಕಿವುಡು ವ್ಯಕ್ತಿಯಾದರು. ಮುಂದೆ ದಶಕಗಳ ಕಾಲ ಅಂಧರ ಶಿಕ್ಷಣಕ್ಕಾಗಿ ದುಡಿದರು. ಚುಕ್ಕಿಲಿಪಿ ಒಂದೇ ಆಗಬೇಕೆಂದು ಅವರು ಒತ್ತಾಯಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕ ಮತ್ತು ಬ್ರಿಟನ್ ಒಂದೇ ಇಂಗ್ಲಿಷ್ ಬ್ರೈಲ್‌ಗೆ ಒಪ್ಪಿದ್ದು 1932ರಲ್ಲಿ. ನಮ್ಮಲ್ಲೂ ಹಲವು ಬಗೆಯ ಬ್ರೈಲ್‌ಗಳಿದ್ದವು. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲ್ 1951ರಲ್ಲಿ ಬಂತು. ಕನ್ನಡದ ಮಕ್ಕಳು ಬೆರಳಾಡಿಸಿ ಓದುವುದು ಅದನ್ನೇ. 1955ರಲ್ಲಿ ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಹೆಲೆನ್ ಕೆಲ್ಲರ್ ಭಾರತಕ್ಕೂ ಬಂದುಹೋದರು. ಆನ್ ಸಲಿವನ್ 1936ರಲ್ಲಿ ತೀರಿಕೊಂಡರು. ಅವರ ದೃಷ್ಟಿ ಅಷ್ಟರಲ್ಲಿ ಪೂರಾ ಹೋಗಿತ್ತು. ಹೆಲೆನ್ 1968ರ ಜೂನ್ 1ರಂದು ನಿಧನರಾದರು.

ನಮ್ಮ ಅಭ್ಯಾಸ ಪಾಠಗಳಿಗೆ

ಶಾಲೆಯ ಗೋಡೆಗಳಲ್ಲಿ ಹೆಲೆನ್ ಕೆಲ್ಲರ್ ಚಿತ್ರದ ಕೆಳಗೆ ಮನಸ್ಸಿದ್ದರೆ ಮಾರ್ಗ ಎಂದು ಬರೆದಿರುತ್ತಾರೆ. ಮನಸ್ಸು ಅವರಿಗೆ 1897ರಲ್ಲೂ ಇತ್ತು, 1899ರಲ್ಲೂ ಇತ್ತು. ಎರಡು ಪರೀಕ್ಷೆಗಳ ನಡುವೆ ಬದಲಾದದ್ದು ಏರ್ಪಾಡು. ಪ್ರಶ್ನೆ ಸರಿಯಾಗಿ ತಲುಪುವಂತೆ ವ್ಯವಸ್ಥೆ ಇದ್ದಾಗ ವಿಶೇಷ ಶ್ರೇಣಿ ಬಂತು. ಇಲ್ಲದಾಗ ಗೊತ್ತಿದ್ದ ವಿಷಯದಲ್ಲೂ ಏದುಸಿರು ಬಿಡುವಂತಾಯಿತು. ಅವರಿಗೆ ಒಬ್ಬರೇ ಶಿಕ್ಷಕಿ, ಮನೆಪಾಠ, ನೆರವಾಗುವ ದೊಡ್ಡವರು ಇದ್ದರು. ನಮ್ಮ ಎದುರಿಗೆ ಒಂದು ಕೊಠಡಿಯಲ್ಲಿ ಐವತ್ತು ಅರವತ್ತು ಮಕ್ಕಳು. ಎಲ್ಲವನ್ನೂ ಹಾಗೆಯೇ ತರಲಾಗದು. ನಲವತ್ತು ನಿಮಿಷದ ಅವಧಿಯಲ್ಲಿ ಮಾಡಬಹುದಾದ ಕೆಲವನ್ನು ಇಲ್ಲಿ ಕೊಟ್ಟಿದ್ದೇನೆ.

1. ಗಿಲ್‌ಮನ್ ಓದಿದ ಕ್ರಮ. ಇಂಗ್ಲಿಷ್ ಗದ್ಯಭಾಗವನ್ನು ಶಿಕ್ಷಕರು ಮೊದಲು ಪೂರ್ತಿಯಾಗಿ ಓದಬೇಕು. ಮಕ್ಕಳ ಪೆನ್ನು ಕೆಳಗಿರಬೇಕು. ಎರಡನೆಯ ಸಲ ವಾಕ್ಯದಿಂದ ವಾಕ್ಯಕ್ಕೆ ನಿಲ್ಲಿಸಿ, ಮಕ್ಕಳು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಕನ್ನಡದಲ್ಲಿ ಹೇಳಿದರೂ ಅಡ್ಡಿಯಿಲ್ಲ. ಆಮೇಲೆ ಪ್ರಶ್ನೋತ್ತರ.

2. ಕೇಳಿ ಮುಗಿಸಿ ಬರೆಯುವುದು. ಆಲಿಸುವಾಗ ಬರೆಯಬಾರದು, ಮುಗಿದ ಮೇಲೆ ನೆನಪಿನಿಂದ ನಾಲ್ಕು ವಾಕ್ಯ ಬರೆಯಬೇಕು. ಗಮನ ಪದದಿಂದ ಅರ್ಥಕ್ಕೆ ತಿರುಗುತ್ತದೆ.

3. ಅರ್ಥಕೋಶವಿಲ್ಲದ ಓದು. ವಾರಕ್ಕೊಂದು ಅವಧಿ ಗ್ರಂಥಾಲಯದ ಸರಳ ಇಂಗ್ಲಿಷ್ ಪುಸ್ತಕ ಕೊಟ್ಟು, ಅರ್ಥವಾಗದ ಪದ ಬಂದರೂ ಮುಂದಕ್ಕೆ ಓದಲು ಬಿಡಬೇಕು. ಆ ಅವಧಿಯಲ್ಲಿ ಪರೀಕ್ಷಿಸಬಾರದು.

4. ಪರೀಕ್ಷೆ ಇರುವ ರೂಪದಲ್ಲೇ ಅಭ್ಯಾಸ. ಪರೀಕ್ಷೆ ಕಂಪ್ಯೂಟರ್ ಪರದೆಯ ಮೇಲಿದ್ದರೆ, ಮಗು ಕೆಲವು ಸಲವಾದರೂ ಪರದೆಯ ಮೇಲೆ ಓದಿರಬೇಕು. ಗಣಿತ, ವಿಜ್ಞಾನದ ಶಿಕ್ಷಕರು ಲೆಕ್ಕ ಬಿಡಿಸುವ ಮೊದಲು ಲೆಕ್ಕದ ಇಂಗ್ಲಿಷ್ ವಾಕ್ಯವನ್ನು ಬಿಡಿಸಲು ಎರಡು ನಿಮಿಷ ಕೊಡಬೇಕು.

5. ಓದಿ ಹೇಳುವವರ ತಯಾರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಇಂದು ಅರ್ಹ ವಿದ್ಯಾರ್ಥಿಗಳಿಗೆ ಲಿಪಿಕಾರರ ನೆರವೂ ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯವೂ ಸಿಗಬೇಕು. ಆದರೆ ಲಿಪಿಕಾರರು ಪರೀಕ್ಷೆಯ ದಿನವೇ ಮೊದಲ ಸಲ ಆ ಮಗುವನ್ನು ನೋಡಿದರೆ ಅದು 1899ರ ಪರೀಕ್ಷೆಯೇ ಆಗುತ್ತದೆ. ಹಿಂದಿನ ವಾರಗಳಲ್ಲಿ ಇಬ್ಬರೂ ಜೊತೆಯಾಗಿ ಎರಡು ಮೂರು ಹಳೆಯ ಪತ್ರಿಕೆಗಳನ್ನು ಮಾಡಿ ನೋಡಬೇಕು. ನಾವು ಇಂಟರ್ನ್‌ಶಿಪ್‌ಗೆ ಹೋಗುವ ಶಾಲೆಗಳಲ್ಲಿ ಅಂಥ ಮಗು ಇದ್ದರೆ, ಈ ಕೆಲಸಕ್ಕೆ ಮುಂದೆ ಬರಬೇಕಾದವರು ನಾವೇ.

ಗ್ರೋಟೆ ಒಂದು ಶಾಲಾ ವರ್ಷದಲ್ಲಿ, ಒಬ್ಬಳೇ ವಿದ್ಯಾರ್ಥಿನಿಗಾಗಿ, ತಡವರಿಸುವ ಬೆರಳುಗಳಿಂದ ಒಂದು ಹೊಸ ಅಕ್ಷರಮಾಲೆ ಕಲಿತರು. ಆ ಶಾಲೆಯ ಅಷ್ಟೂ ಅಧ್ಯಾಪಕರ ನಡುವೆ ಹೆಲೆನ್ ಅವರನ್ನು ಪ್ರೀತಿಯಿಂದ ನೆನೆದದ್ದು ಅದಕ್ಕಾಗಿ. ಮಕ್ಕಳು ನಮ್ಮ ಮಾತನ್ನು ಆಲಿಸುತ್ತಿಲ್ಲ ಎಂದು ಪಾಠದ ಅವಲೋಕನ ಪುಸ್ತಕದಲ್ಲಿ ಬರೆಯುವ ಮುನ್ನ, ಅವರಿಗೆ ತಲುಪುವ ಅಕ್ಷರಮಾಲೆಯನ್ನು ನಾವು ಕಲಿತಿದ್ದೇವೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.